ಗ್ರೀನ್ ಹೌಸಿನ ಅಂಗಿಗಳು

ಹೊಸ ಟೀ ಶರ್ಟ್ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಬರೀ ಬಣ್ಣದ್ದಲ್ಲ, ಗಂಜಿಯದ್ದೂ ಅಲ್ಲ, ಬಹಳ ದಿನ ಪ್ಲಾಸ್ಟಿಕ್ ಚೀಲದಲ್ಲಿ ಉಸಿರು ಕಟ್ಟಿಕೊಂಡು ಕೂತಿದ್ದ ವಾಸನೆ. ಮೊನ್ನೆ ಶಿವಮೊಗ್ಗದ ರವೀಂದ್ರನಗರದ ನನ್ನ ಸಣ್ಣ ಅಂಗಡಿಗೆ ಒಂದು ಶಾಲೆಯವರು ಸ್ಪೋರ್ಟ್ಸ್ ಡೇಗೆಂದು ಹಸಿರು ಬಟ್ಟೆ ತಂದು ಹಾಕಿದರು. ಕಟ್ಟು ಬಿಚ್ಚಿದೆ, ವಾಸನೆ ಮೂಗಿಗೆ ಬಡಿಯಿತು. ಕತ್ತರಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ... ಮಾಸ್ಟ್ರು ನೆನಪಾದರು.

ಮಾಸ್ಟ್ರು ಅಂದರೆ ಪಾಠ ಹೇಳುವವರಲ್ಲ, ಟೈಲರ್ ಮಾಸ್ಟ್ರು. ಭದ್ರಾವತಿಯ ಕಾಗದನಗರಕ್ಕೆ ಅಂಟಿಕೊಂಡ ನಮ್ಮ ಬೀದಿಯ ತುದಿಯಲ್ಲಿ ಅವರ ಅಂಗಡಿ ಇತ್ತು. ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ತಮ್ಮನಾದರೂ ಓದಲಿ ಎಂದು ಅಮ್ಮ ನನ್ನನ್ನು ಶಾಲೆ ಬಿಡಿಸಿದಳು. ಮನೆಗೆಲಸ, ಬೀಡಿ, ಹೂ ಕಟ್ಟುವುದು ಎಲ್ಲ ಆಗಿ, ಕೊನೆಗೆ ಮಾಸ್ಟ್ರ ಹತ್ತಿರ ಅಂಗಿಯ ಗುಂಡಿಗೆ ಕಾಜ ಹಾಕುವ ಕೆಲಸಕ್ಕೆ ಸೇರಿದೆ. ಬೀದಿಯವರೆಲ್ಲ ಅವರನ್ನು 'ಸಾಬ್ರು' ಎನ್ನುತ್ತಿದ್ದರು. ನಾನೊಬ್ಬಳೇ ಮಾಸ್ಟ್ರೇ ಅನ್ನುತ್ತಿದ್ದೆ. ಅವರು ನನ್ನನ್ನು 'ಬೇಟಿ' ಅನ್ನುವುದಿತ್ತು, ಗಿರಾಕಿ ಇದ್ದರೆ 'ಅಮ್ಮಾ'.

ಕ್ರಿಕೆಟ್ ಅಂದರೆ ಅವರಿಗೆ ಪ್ರಾಣ. ಹರೆಯದಲ್ಲಿ ಬೌಲಿಂಗ್ ಮಾಡುತ್ತಿದ್ದರಂತೆ. ಬಾಲು ಹೇಗೆ ತಿರುಗುತ್ತದೆ ಎಂದು ನನಗೆ ಬಟ್ಟೆಯಲ್ಲೇ ತೋರಿಸಿದ್ದರು. "ನೋಡು, ನೇರ ಕತ್ತರಿಸಿದ ಬಟ್ಟೆ ನೇರ ಬೀಳತ್ತೆ. ಓರೆ ಕತ್ತರಿಸಿದ್ದು ವಾಲತ್ತೆ. ಬಾಲೂ ಅಷ್ಟೇ, ಹೊಲಿಗೆ ಯಾವ ಕಡೆ ಇದೆ ಅನ್ನೋದ್ರ ಮೇಲೆ."

ಇಷ್ಟು ಹುಚ್ಚಿದ್ದವರು ಪಾಕಿಸ್ತಾನದ ಜೊತೆ ಮ್ಯಾಚ್ ಇದ್ದ ದಿನ ಮಾತ್ರ ಅಂಗಡಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, "ಗಿರಾಕಿ ಬರಲ್ಲಮ್ಮ, ಎಲ್ಲ ಟೀವಿ ಮುಂದೆ" ಎನ್ನುತ್ತಿದ್ದರು. ನಾನು ನಂಬಿದ್ದೆ. ಒಮ್ಮೆ ಹಳೆಯ ಮ್ಯಾಚೊಂದನ್ನು ಮೊಬೈಲಿನಲ್ಲಿ ನೋಡುತ್ತಾ ಆ ಕಡೆಯ ಬೌಲರ್ ನಮ್ಮವರ ಸ್ಟಂಪ್ ಹಾರಿಸಿದಾಗ, "ಅರೆ, ಎಂಥಾ ಬಾಲು!" ಎಂದುಬಿಟ್ಟರು. ಅಂದವರೇ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಸೌಂಡ್ ತಗ್ಗಿಸಿದರು. ಒಳ್ಳೆಯ ಬಾಲನ್ನು ಒಳ್ಳೆಯ ಬಾಲು ಅನ್ನುವುದಕ್ಕೂ ಒಬ್ಬ ಮನುಷ್ಯ ಬಾಗಿಲು ನೋಡಿಕೊಳ್ಳಬೇಕೆಂದು ನನಗೆ ಅವತ್ತೇ ತಿಳಿಯಬೇಕಿತ್ತು... ತಿಳಿಯಲಿಲ್ಲ.

ಆ ವರ್ಷ ಹತ್ತಿರದ ಶಾಲೆಯೊಂದರ ಆರ್ಡರ್ ಸಿಕ್ಕಿತ್ತು. ಸ್ಪೋರ್ಟ್ಸ್ ಡೇಗೆ ಮಕ್ಕಳನ್ನು ಕೆಂಪು, ನೀಲಿ, ಹಳದಿ, ಹಸಿರು ಎಂದು ನಾಲ್ಕು ಹೌಸ್ ಮಾಡುತ್ತಾರಲ್ಲ, ಅದರಲ್ಲಿ ಗ್ರೀನ್ ಹೌಸಿನ ಅಂಗಿಗಳು ನಮ್ಮ ಪಾಲಿಗೆ ಬಂದವು. ಕಡು ಹಸಿರು, ಬಿಳಿ ಕಾಲರು. ಸೋಮವಾರ ಬೆಳಿಗ್ಗೆ ಕೊಡಬೇಕು. ಭಾನುವಾರ ಪಾಕಿಸ್ತಾನದ ಜೊತೆ ಮ್ಯಾಚು, ಅವರ ಅಂಗಿಯೂ ಹಸಿರೇ. ಮಾಸ್ಟ್ರು ಬಹಳ ಹೊತ್ತು ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. "ಏನು ಮಾಡೋದು, ಮಕ್ಕಳ ಕೆಲಸ" ಎಂದು ಕೊನೆಗೆ ಭಾನುವಾರವೂ ಅಂಗಡಿ ತೆಗೆದರು.

ಹೊಲಿದ ಅಂಗಿಗಳನ್ನು ಒಳಗಿನ ತಂತಿಗೆ ನೇತುಹಾಕಿದ್ದೆವು. ಮಧ್ಯಾಹ್ನ ನನ್ನ ತಮ್ಮ ಊಟದ ಡಬ್ಬಿ ತಂದುಕೊಟ್ಟು, ಬಾಗಿಲಲ್ಲಿ ನಿಂತು ಮೊಬೈಲ್ ಒತ್ತುತ್ತಾ ಸ್ವಲ್ಪ ಹೊತ್ತು ಇದ್ದು ಹೋದ. ಸಂಜೆ ಹೊತ್ತಿಗೆ ಬೀದಿಯವರ ವಾಟ್ಸಾಪ್ ಗ್ರೂಪಿಗೆ ಎಲ್ಲಿಂದಲೋ ಫಾರ್ವರ್ಡ್ ಆಗಿ ಒಂದು ಫೋಟೋ ಬಂತು. ನಮ್ಮ ತಂತಿ, ನಮ್ಮ ಹಸಿರು ಅಂಗಿಗಳು, ಕೆಳಗೆ 'ಸಾಬ್ರ ಅಂಗಡೀಲಿ ಹಬ್ಬದ ತಯಾರಿ' ಎಂಬ ಬರಹ. ಯಾರು ತೆಗೆದದ್ದೋ ಎಂದು ಎಲ್ಲರೂ ಮುಂದಕ್ಕೆ ಕಳಿಸುತ್ತಿದ್ದರು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಫೋಟೋದ ಮೂಲೆಯಲ್ಲಿ ನಮ್ಮ ಮನೆಯ ಊಟದ ಡಬ್ಬಿ ಕಾಣುತ್ತಿತ್ತು. ಹಿಡಿಕೆ ಮುರಿದಿದ್ದಕ್ಕೆ ನಾನೇ ಕೆಂಪು ದಾರ ಸುತ್ತಿದ್ದ ಡಬ್ಬಿ.

ತಮಾಷೆಗೆ ಹಾಕಿದ್ದನೇನೋ. ಮ್ಯಾಚ್ ಗೆದ್ದಿದ್ದರೆ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಅವತ್ತು ನಮ್ಮವರು ಸೋತರು.

ದೀಪ ಹಚ್ಚುವ ಹೊತ್ತಿಗೆ ಹುಡುಗರು ಬಂದು ಅಂಗಡಿ ಮುಂದೆ ನಿಂತರು. ಎಲ್ಲರೂ ಗುರುತಿನವರೇ. ಅವರ ಪ್ಯಾಂಟಿನ ಉದ್ದ, ಸೊಂಟದ ಅಳತೆ ಎಲ್ಲ ಮಾಸ್ಟ್ರಿಗೆ ಬಾಯಿಪಾಠ. ಹಿಂದೆ ತಮ್ಮನೂ ಇದ್ದ.

"ಏನ್ ಸಾಬ್ರೇ, ನಿಮ್ಮೋರು ಗೆದ್ರಲ್ಲ. ಸ್ವೀಟ್ ಎಲ್ಲಿ?"

"ನಮ್ಮೋರು ಸೋತ್ರು ಮಾರಾಯ. ಸ್ವೀಟ್ ಎಂಥದು?" ಎಂದು ಮಾಸ್ಟ್ರು ನಗಲು ನೋಡಿದರು.

"ಹಂಗಾದ್ರೆ ಈ ಡ್ರೆಸ್ಸು ಯಾರಿಗೆ? ಮೆರವಣಿಗೆ ಹೊರಡ್ಸೋಕಾ?"

"ಸ್ಕೂಲ್ ಮಕ್ಕಳದ್ದಪ್ಪ. ಗ್ರೀನ್ ಹೌಸು. ಬೇಕಾದ್ರೆ ಪೀಟಿ ಮೇಷ್ಟ್ರಿಗೆ ಫೋನ್ ಹಚ್ಚು."

"ಫೋನ್ ಎಲ್ಲ ಬೇಡ. ಇಲ್ಲೇ ಯಾರಾದ್ರೂ ಹೇಳ್ಲಿ."

ಮಾಸ್ಟ್ರು ನನ್ನ ಕಡೆ ತಿರುಗಿದರು. ಅಂಗಡಿಯಲ್ಲಿ ಇದ್ದವಳು ನಾನೊಬ್ಬಳೇ. ನನ್ನ ಮಡಿಲಲ್ಲಿ ಒಂದು ಅಂಗಿ, ಕಾಜಕ್ಕೆ ಚುಚ್ಚಿದ ಸೂಜಿ. ಹೊರಗೆ ಗುಂಪು, ಗುಂಪಿನಲ್ಲಿ ತಮ್ಮ. ಹೌದು, ಮಕ್ಕಳದ್ದೇ ಅಂದರೆ ಆ ಫೋಟೋ ಸುಳ್ಳಾಗುತ್ತದೆ, ಯಾರು ತೆಗೆದದ್ದು ಎಂಬ ಮಾತು ಏಳುತ್ತದೆ. ಅಷ್ಟೇ ಆಗಿದ್ದರೆ ಹೇಳುತ್ತಿದ್ದೆನೋ ಏನೋ. 'ದಿನವೆಲ್ಲ ಸಾಬರ ಅಂಗಡೀಲಿ ಕೂರ್ತಾಳೆ' ಎಂಬ ಮಾತು ಆಗಲೇ ಅಮ್ಮನ ಕಿವಿಗೆ ಬಿದ್ದು ಮನೆಯಲ್ಲಿ ಜಗಳವಾಗಿತ್ತು. ತಮ್ಮ ನನ್ನನ್ನೇ ನೋಡುತ್ತಿದ್ದ. ಬೇಡ ಅಕ್ಕ ಎನ್ನುವಂತೆ ಅವನ ಮುಖ ಸಣ್ಣಗಾಗಿತ್ತು. ಅಂಗಡಿಗೆ ಇದ್ದದ್ದು ಒಂದೇ ಬಾಗಿಲು.

"ನಂಗೇನೂ ಗೊತ್ತಿಲ್ಲ" ಎಂದೆ. "ನಾನು ಬರೀ ಕಾಜ ಹಾಕೋಳು."

ಹುಡುಗರಲ್ಲೊಬ್ಬ, "ಹಂಗಾದ್ರೆ ನೀವೇ ಒಂದು ಕತ್ತರಿಸಿ ತೋರ್ಸಿ, ನಂಬ್ತೀವಿ" ಎಂದ. ಮಾಸ್ಟ್ರು ಎದ್ದು ತಂತಿಯ ಮೇಲೆ ಕೈಯಾಡಿಸಿ ಒಂದು ಅಂಗಿ ಆರಿಸಿದರು. ಇದ್ದುದರಲ್ಲೇ ದೊಡ್ಡ ಸೈಜು. ಮೇಜಿನ ಮೇಲೆ ಹರಡಿ, ಕೆಳ ಅಂಚಿನಿಂದ ಬಗಲವರೆಗೆ, ಬಗಲಿನಿಂದ ತೋಳಿನ ತುದಿಯವರೆಗೆ ಕತ್ತರಿ ಓಡಿಸಿದರು. ಎರಡೂ ಕಡೆ. ಅಂಗಿ ಬಾಯಿ ಬಿಟ್ಟುಕೊಂಡು ಬಿತ್ತು. ಹುಡುಗರು ಶಿಳ್ಳೆ ಹಾಕಿ, ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು.

ಅವರಿಗೆ ಕಾಣದ್ದು ನನಗೆ ಕಂಡಿತ್ತು. ಕತ್ತರಿ ಎಲ್ಲೂ ಬಟ್ಟೆಯ ನಡುವೆ ಹೋಗಿರಲಿಲ್ಲ. ಹೊಲಿಗೆಯ ಗುಂಟವೇ, ಕೂದಲೆಳೆಯಷ್ಟು ಒಳಗೆ ಹೋಗಿತ್ತು. ಮತ್ತೆ ಹೊಲಿದರೆ ಅಂಗಿ ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೇ. ದೊಡ್ಡದು ಯಾಕೆ ಆರಿಸಿದರು ಎಂಬುದೂ ಆಗ ಅರ್ಥವಾಯಿತು. ಎದುರಿಗೆ ಅಷ್ಟು ಜನ ನಿಂತು ನಗುತ್ತಿರುವಾಗಲೂ ಆ ಮನುಷ್ಯ ಒಂದು ಮಗುವಿನ ಅಂಗಿ ಉಳಿಸುವುದನ್ನು ಯೋಚಿಸಿದ್ದರು. ನಾನು ಏನು ಉಳಿಸಿದೆ?

ಮರುದಿನ ತಡವಾಗಿ ಹೋದೆ. ಅಂಗಿಗಳನ್ನು ಆಗಲೇ ಶಾಲೆಗೆ ಮುಟ್ಟಿಸಿ ಬಂದಿದ್ದರು. ಟೀ ತರಿಸಿ ನನ್ನ ಮುಂದಿಟ್ಟರು. ಬೈದರೆ ಅತ್ತು ಹಗುರಾಗಬಹುದು ಎಂದು ಕಾದೆ. ಬೈಯಲಿಲ್ಲ. ನನ್ನ ಲೋಟ ಖಾಲಿಯಾದ ಮೇಲೆ ಮೆಲ್ಲಗೆ ಹೇಳಿದರು. "ನಾಳೆಯಿಂದ ಬರಬೇಡ ಬೇಟಿ, ನಿಂಗೇ ತೊಂದ್ರೆ. ಮತ್ತೆ... ನಿಂಗೆ ಬರೀ ಕಾಜ ಅಲ್ಲ, ಕಾಲರೂ ಚೆನ್ನಾಗಿ ಬರತ್ತೆ. ಎಲ್ಲಾದ್ರೂ ಸ್ವಂತ ಅಂಗಡಿ ಹಾಕ್ಕೋ."

ಆಮೇಲೆ ಅವರಿಗೆ ಗಿರಾಕಿ ಕಮ್ಮಿಯಾದರು. ಶಾಲೆಯ ಆರ್ಡರ್ ಮತ್ತೆ ಬರಲಿಲ್ಲ. ಒಂದು ದಿನ ಮೆಷಿನ್‌ಗಳನ್ನು ಆಟೋದಲ್ಲಿ ಹೇರಿಕೊಂಡು ಆಯನೂರಿನ ಮಗಳ ಮನೆಗೆ ಹೋದರು ಎಂದು ಅಮ್ಮ ಹೇಳಿದಳು. ನಾನು ಶಿವಮೊಗ್ಗಕ್ಕೆ ಬಂದು ಅಂಗಡಿ ಹಾಕಿದ ಮೇಲೆ ಒಮ್ಮೆ ಸಾಗರದ ಬಸ್ಸು ಹತ್ತಿ ಆಯನೂರಿನಲ್ಲಿ ಇಳಿದೆ. ಹೇಳಬೇಕಾದ ಮಾತು ದಾರಿಯುದ್ದಕ್ಕೂ ಬಾಯಲ್ಲಿತ್ತು. ಆದರೆ ಸ್ಟ್ಯಾಂಡಿನಲ್ಲಿ ಕೂತಿದ್ದು ವಾಪಸು ಬಂದೆ. ಇನ್ನೊಮ್ಮೆ ಹೋದಾಗ ಧೈರ್ಯ ಮಾಡಿ ಮನೆ ಕೇಳಿಕೊಂಡು ಹೋದೆ. ಮಾಸ್ಟ್ರು ತೀರಿಕೊಂಡಿದ್ದರು. ಮಗಳು ನನ್ನನ್ನು ಒಳಗೆ ಕರೆದು ಚಾಪೆ ಹಾಸಿ, "ಕಾಜದ ಹುಡುಗಿ ನೀವೇನಾ? ಅಪ್ಪ ಹೇಳ್ತಿದ್ರು" ಎಂದಳು. ಏನು ಹೇಳುತ್ತಿದ್ದರು ಎಂದು ಕೇಳಲು ನನ್ನಿಂದ ಆಗಲಿಲ್ಲ.

ಫೋಟೋದ ಮಾತನ್ನು ತಮ್ಮನ ಹತ್ತಿರ ಇವತ್ತಿನವರೆಗೆ ಎತ್ತಿಲ್ಲ. ಅವನೂ ಎತ್ತಿಲ್ಲ. ಮರೆತಿದ್ದಾನೆ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವನ ಫೋನ್ ಬಂತು. ಅದೂ ಇದೂ ಮಾತಾಡಿ, ಕೊನೆಗೆ, "ಅಕ್ಕಾ, ಸ್ಕೂಲಿಂದು ಆ ಹಸಿರು ಬಟ್ಟೆ ಬಂದಿದೆ ಅಂದಿದ್ದೆಯಲ್ಲ... ಇವತ್ತು ಮ್ಯಾಚು. ಒಳಗಿಟ್ಕೋ" ಎಂದ.

"ಇಟ್ಟಾಯ್ತು ಕಣೋ" ಎಂದೆ.

ನಿಜವಾಗಿಯೂ ಇಟ್ಟಾಗಿತ್ತು. ಅವನು ಹೇಳುವ ಮೊದಲೇ ಬಟ್ಟೆಯನ್ನೆಲ್ಲ ಹಳೆ ಸೀರೆಯಲ್ಲಿ ಸುತ್ತಿ, ಮೇಜಿನ ಕೆಳಗೆ ತಳ್ಳಿ, ಅರ್ಧ ಶಟರ್ ಎಳೆದುಕೊಂಡು ಕೂತಿದ್ದೆ. ನಾಡಿದ್ದು ಅಂಗಿ ಕೊಡಬೇಕು, ಒಂದಕ್ಕೂ ಕತ್ತರಿ ಹಾಕಿಲ್ಲ. ಹೊರಗೆ ಯಾರದೋ ಮನೆಯ ಟೀವಿಯಲ್ಲಿ ಜನ ಕೂಗುತ್ತಿದ್ದಾರೆ. ಪ್ರತಿ ಕೂಗಿಗೂ ನಾನು ಬಾಗಿಲ ಕಡೆ ನೋಡುತ್ತೇನೆ.