ಎರಡಕ್ಕೆ ಎದ್ದ ಪೈಲ್ವಾನರು

2022ರಲ್ಲಿ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ, ನಾನು ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆಸ್ಪತ್ರೆಗೆ ಬರಲಾಗದ ರೋಗಿಗಳಿಗಾಗಿ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದೆ; ಅಲ್ಲಿ ಎಲ್ಲರಿಗೂ ನಾನು 'ಬಾಯಾರು', ಅಂದರೆ ಮೇಡಂ. ಹಾಗೆ ನೇಸರಗಿಯಲ್ಲಿ ಸಿಕ್ಕವರು ರುದ್ರಪ್ಪ ಪೈಲ್ವಾನರು.

ವಯಸ್ಸು ಅರವತ್ತೆಂಟು. ಪ್ರಾಯದಲ್ಲಿ ಸುತ್ತಿನ ಕಣಗಳಲ್ಲೆಲ್ಲ ಕುಸ್ತಿ ಹಿಡಿದವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. 'ಪಾರ್ಷಿಯಲ್ ವೇಟ್ ಬೇರಿಂಗ್', ಅಂದರೆ ವಾಕರ್ ಹಿಡಿದು ಆ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹಾಕಿಸಿ ಎಂದು ಸರ್ಜನ್ ಬರೆದಿದ್ದರು. ಈ ಮಹಾಶಯರು ಮಾತ್ರ ಏಳಲೊಲ್ಲರು. ಹೀಗೇ ಬಿದ್ದುಕೊಂಡರೆ ಮಾಂಸಖಂಡ ಕರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಮುಂದೆ ಯಾರೂ ಏನೂ ಮಾಡಲಾಗದು. ಮಂಚದ ಅಂಚಿಗೆ ಕೂರಿಸಿ "ಒಂದು, ಎರಡು, ಮೂರು" ಎನ್ನುತ್ತಿದ್ದೆ. ಮೂರಕ್ಕೆ ಎದ್ದು ನಿಲ್ಲಬೇಕು. ಅವರು ಸುಮ್ಮನೆ ಗೋಡೆ ನೋಡುತ್ತಿದ್ದರು. ಆರು ಭೇಟಿ ಹೀಗೇ ಹಾಳಾದವು.

"ಕಾಕಾ, ಇದೆಂಥಾ ಹಟಾರೀ?" ಎಂದು ಕಡೆಗೆ ರೇಗಿಬಿಟ್ಟೆ.

"ಬೆನ್ನು ನೆಲಕ್ಕ ಹತ್ತೇತ್ರಿ ಬಾಯಾರ. ಚಿತ್ ಆದಂವಗ ಕಣದಾಗ ಏನ್ ಕೆಲಸ?"

ನಮ್ಮ ಕುಸ್ತಿಯ ನಿಯಮವೇ ಅದು: ಬೆನ್ನು ಮಣ್ಣಿಗೆ ತಾಗಿತೋ, ಆಟ ಮುಗಿಯಿತು. ಆ ನಿಯಮವನ್ನು ಈ ಪುಣ್ಯಾತ್ಮರು ಬಚ್ಚಲಿಗೂ ತಂದಿದ್ದರು! ಅವರ ಹೆಂಡತಿ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೊಂದು ಹುಚ್ಚಿದೆ: ಜಪಾನಿನ ಪ್ರೊ ರೆಸ್ಲಿಂಗ್. ಮುಂದಿನ ಭೇಟಿಯಲ್ಲಿ ಹಳೆಯದೊಂದು ಹೆವಿವೇಟ್ ಪಂದ್ಯವನ್ನು ಮೊಬೈಲಿನಲ್ಲಿ ಹಚ್ಚಿ ಅವರ ಮುಂದೆ ಹಿಡಿದೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಡುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಮಾತಾಡಿಕೊಂಡು ಹಿಡಿಯೂದು ಏನ್ ಕುಸ್ತಿರಿ?" ಎಂದು ಮುಖ ತಿರುಗಿಸಿದರು. ಆದರೆ ಕಣ್ಣು ತಿರುಗಲಿಲ್ಲ.

ಮೊದಲ ಹತ್ತು ನಿಮಿಷ ಇಬ್ಬರು ಭಾರಿ ಆಳುಗಳು ಬರೀ ಹಿಡಿತ ಹಾಕುತ್ತ, ಬಿಡಿಸಿಕೊಳ್ಳುತ್ತ ಕಳೆದರು. ಆಮೇಲೆ ಎದೆಗೆ ಅಂಗೈಯ ಅಂಚಿನ ಏಟುಗಳು; ಚರ್ಮ ಕೆಂಪಾಯಿತು. ಇಬ್ಬರಲ್ಲಿ ಕರಿ ಚಡ್ಡಿಯವನನ್ನು ಇನ್ನೊಬ್ಬ ಎತ್ತಿ ಒಗೆದಾಗ ಅವನು ಗದ್ದ ಎದೆಗೊತ್ತಿ, ಎರಡೂ ತೋಳು ಬಡಿದು ಬಿದ್ದ.

"ಭಲೇ! ಬೀಳೂದ ಕಲತಾನ ಮಗಾ!" ಎಂದರು ಪೈಲ್ವಾನರು. ಮರುಕ್ಷಣವೇ, "ಬೆನ್ನು ಹತ್ತಿತು, ಮುಗೀತು. ಮತ್ಯಾಕ ಏಳಾಕ ಹತ್ಯಾನ?"

"ಅಲ್ಲಿ ರೆಫರಿ ನೆಲಾ ಬಡದು ಮೂರು ಎಣಿಸೂತನಕ ಮುಗಿಯೂದಿಲ್ರಿ ಕಾಕಾ."

"ಎರಡಕ್ಕ ಎದ್ರ ನಡೀತೈತಿ?"

"ನಡೀತೈತ್ರಿ."

ಆಮೇಲೆ ಅವರನ್ನು ಹಿಡಿಯುವವರಿಲ್ಲ. ರೆಫರಿ ನೆಲ ಬಡಿದಾಗಲೆಲ್ಲ "ಏಳಲೇ!" ಎಂದು ಕೂಗುತ್ತ ಆಪರೇಷನ್ ಆಗದ ಕಾಲಿನ ತೊಡೆ ತಟ್ಟಿದರು. ಕರಿ ಚಡ್ಡಿಯವನು ಕೊನೆಗೆ ಸೋತ. ಇನ್ನು ಇವರು ಏಳುವುದೇ ಇಲ್ಲವೆಂದು ನಾನು ಮೊಬೈಲ್ ಆರಿಸಹೊರಟೆ. ಪೈಲ್ವಾನರು ಮಾತ್ರ ಮೀಸೆ ಸವರಿಕೊಂಡರು: "ಸೋತ್ರ ಸೋಲಲಿ, ಏಳು ಸಲ ಎದ್ದಾನ್ರಿ!"

ಮುಂದಿನ ಭೇಟಿ. ಗಂಗವ್ವ ವಾಕರ್ ಹಿಡಿದಿದ್ದರು. ನಾನು "ಒಂದು, ಎರಡು" ಎನ್ನುವುದರೊಳಗೆ ಮಂಚ ಕಿರುಗುಟ್ಟಿತು. ಪೈಲ್ವಾನರು ಎದ್ದು ನಿಂತಿದ್ದರು, ಕಾಲು ಗಡಗಡ ನಡುಗುತ್ತಿತ್ತು.

"ಮೂರು ಅನಬ್ಯಾಡ್ರಿ ಬಾಯಾರ!"

"ಅಯ್ಯ ನನ್ನ ಶಿವನ, ನಿಂತರಲ್ಲ!" ಎಂದು ಗಂಗವ್ವ ನಗುತ್ತ ಅತ್ತರು. ನಾನೂ ಅತ್ತೆ, ನಾಚಿಕೆಯೇನು. ಅಂದು ನಾಲ್ಕು ಹೆಜ್ಜೆ. ಎರಡು ತಿಂಗಳಿಗೆ ಕೋಲೂರಿಕೊಂಡು ನನ್ನನ್ನು ಬಸ್ಸಿಗೆ ಹತ್ತಿಸಲು ಬಂದರು.

ಮೂವತ್ತು ವರ್ಷ ಎಲ್ಲ ರೋಗಿಗಳಿಗೂ ಮೂರರವರೆಗೆ ಎಣಿಸಿದವಳು ನಾನು. ಬಿದ್ದವನು ಏಳದಿದ್ದರೆ ಅವನು ಯಾವ ಆಟದ ನಿಯಮ ಹಿಡಿದು ಮಲಗಿದ್ದಾನೆಂದು ಮೊದಲು ಕೇಳಬೇಕು. ಇದನ್ನು ಕಲಿತದ್ದು ಕೊನೆಯ ವರ್ಷದಲ್ಲಿ. ಅಂದಿನಿಂದ ನಿವೃತ್ತಿಯ ದಿನದವರೆಗೆ ಯಾರಿಗೂ ಎರಡರ ಮುಂದೆ ಎಣಿಸಲಿಲ್ಲ.