ಒಂದೇ ಪ್ರಶ್ನೆ, ಊಟಕ್ಕೆ ಮುಂಚೆ

ಬ್ರಿಟನ್ನಿನಲ್ಲಿ ಎರಡು ಪಕ್ಷಗಳು ಸೇರಿ ಸರ್ಕಾರ ಮಾಡಿದ ವರ್ಷ, ಅಲ್ಲಿರುವ ನನ್ನ ನಾದಿನಿ ವಾರಕ್ಕೊಮ್ಮೆ ಚಿಕಾಗೋ ಪಕ್ಕದ ವೆಸ್ಟ್‌ಮಂಟಿನ ನಮ್ಮ ಮನೆಗೆ ಫೋನ್ ಮಾಡಿ ಮಂತ್ರಿಗಳನ್ನು ಬೈಯುತ್ತಿದ್ದಳು. ಶನಿವಾರ ಬೆಳಿಗ್ಗೆ ಎಂದು ನನ್ನ ನೆನಪು. ಭಾನುವಾರ ಎಂದು ಹೆಂಡತಿಯ ವಾದ. ಬೈಗುಳ ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

“ಭಾವ, ರೇಡಿಯೋ ಹಾಕಿದ್ರೂ ಅವರೇ, ಟಿವಿ ಹಾಕಿದ್ರೂ ಅವರೇ. ಟೈ ಬಣ್ಣ ಒಂದು ಬೇರೆ ಬೇರೆ, ಅಷ್ಟೇ. ಕೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಾರೆ. ನಮ್ಮ ವಾರ್ಡಿನಲ್ಲಿ ಪೇಷಂಟುಗಳು ಟಿವಿಗೆ ಚಪ್ಪಲಿ ಎಸೆಯೋದೊಂದು ಬಾಕಿ ಇದೆ.”

ಅವಳು ಉತ್ಪ್ರೇಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೇ ನೋಡತೊಡಗಿದೆ. ಓಕ್ ಬ್ರೂಕಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, ಹಿಂದಿನ ದಿನದ ಸಂದರ್ಶನಗಳನ್ನು ಕಂಪ್ಯೂಟರಿನಲ್ಲಿ ಹಾಕುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿತವನು ನಾನು. ಎಂಥ ಮಿಶ್ರಣವಾದರೂ ಅದರಲ್ಲಿ ಏನೇನಿದೆ ಎಂದು ಬೇರ್ಪಡಿಸಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ನಾಲ್ಕು ದಿನದಲ್ಲಿ ಗೊತ್ತಾಯಿತು: ಮೊದಲು ಪ್ರಶ್ನೆಗೆ ಒಂದು ಹೊಗಳಿಕೆ, ಆಮೇಲೆ ಹಿಂದಿನ ಸರ್ಕಾರ ಬಿಟ್ಟುಹೋದ ಅವ್ಯವಸ್ಥೆ, ಆಮೇಲೆ ಕಷ್ಟದ ತೀರ್ಮಾನಗಳು, ಅಷ್ಟರಲ್ಲಿ ಸಮಯ ಮುಗಿಯುತ್ತದೆ. ಉತ್ತರ ಇರಬೇಕಾದ ಜಾಗದಲ್ಲಿ ಏನೂ ಇರುತ್ತಿರಲಿಲ್ಲ. ನಾದಿನಿ ಹೇಳಿದ್ದು ಕಡಿಮೆಯೇ ಆಗಿತ್ತು.

ಅಕ್ಟೋಬರಿನ ಶಾಲೆ ರಜೆಗೆ ಅವಳು ಮಗಳನ್ನು ನಮ್ಮಲ್ಲಿಗೆ ಕಳಿಸಿದಳು. ಹದಿನೇಳು ವರ್ಷದ ಹುಡುಗಿ. ವಸಂತದಲ್ಲಿ, ಚುನಾವಣೆಗೆ ಮುಂಚೆ, ಅವಳ ಶಾಲೆಗೆ ಒಬ್ಬ ಅಭ್ಯರ್ಥಿ ಬಂದಿದ್ದ. ಇವಳು ಎದ್ದು ನಿಂತು, ನೀವು ಗೆದ್ದರೆ ಕಾಲೇಜಿನ ಫೀಸು ಏರಿಸುತ್ತೀರಾ ಎಂದು ಕೇಳಿದ್ದಳು. ಇಲ್ಲ, ಏರಿಸುವುದಿಲ್ಲ ಎಂದು ಅವನು ಇವಳ ಮುಖ ನೋಡಿಯೇ ಹೇಳಿದ್ದ. ಅವನು ಗೆದ್ದ. ಅವನ ಪಕ್ಷ ಸರ್ಕಾರದ ಅರ್ಧ ಪಾಲಾಯಿತು. ಈಗ ಫೀಸು ಏರುವ ಮಾತು ನಡೆದಿತ್ತು. ಅವನು ಅವರ ಊರಿನ ರೇಡಿಯೋದಲ್ಲಿ, ನಾನು ಆ ರೀತಿಯಲ್ಲಿ ಮಾತು ಕೊಟ್ಟದ್ದು ನೆನಪಿಲ್ಲ, ಆಗಿನ ಪರಿಸ್ಥಿತಿಯೇ ಬೇರೆ ಎಂದಿದ್ದ. ಇವಳ ಗೆಳತಿಯರೂ, ಅವರು ಪ್ರಯತ್ನ ಮಾಡುತ್ತೇವೆ ಅಂದಿರಬೇಕು ಕಣೇ ಎನ್ನತೊಡಗಿದ್ದರು.

ಹುಡುಗಿಗೆ ಕಾನೂನು ಓದಬೇಕೆಂಬ ಆಸೆ. ಅರ್ಜಿ ಮುಕ್ಕಾಲು ತುಂಬಿ ನಿಲ್ಲಿಸಿಬಿಟ್ಟಿದ್ದಳು. ಕಾರಣ ಫೀಸಲ್ಲ, ಅದಕ್ಕೆ ಅವಳ ಅಮ್ಮ ಸಿದ್ಧವಿದ್ದಳು. ಬಂದ ಎರಡನೇ ದಿನ ಊಟದ ಮೇಜಿನಲ್ಲಿ, ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಾ, ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು: “ದೊಡ್ಡಪ್ಪ, ನಾನೇ ತಪ್ಪಾಗಿ ಕೇಳಿಸಿಕೊಂಡಿರಬಹುದಾ? ಎದುರಿಗೆ ನಿಂತು ಕೇಳಿದ್ದನ್ನೇ ಸರಿಯಾಗಿ ನೆನಪಿಟ್ಟುಕೊಳ್ಳದವಳು ಲಾಯರ್ ಆಗಿ ಏನು ಮಾಡ್ತಾಳೆ?”

ನಾನು ಒಂದು ಮೂರ್ಖ ಉತ್ತರ ಕೊಟ್ಟೆ. “ಸಾಧ್ಯ. ನೆನಪನ್ನು ನಂಬೋಕಾಗಲ್ಲ. ನನ್ನ ನೆನಪನ್ನಂತೂ ನಾನು ನಂಬಲ್ಲ.”

ಅವಳ ಮುಖ ಇಳಿದುಹೋಯಿತು. ಅವಳು ಎದ್ದುಹೋದ ಮೇಲೆ ಹೆಂಡತಿ, “ಇಲ್ಲ, ನೀನು ಕೇಳಿದ್ದು ಸರಿ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಪಿಎಚ್‌ಡಿ ವಾಪಸ್ ತಗೋತಿದ್ರಾ?” ಎಂದಳು.

ಆ ಶನಿವಾರವೇ ನಾವು ಡೆಟ್ರಾಯ್ಟ್ ಕಡೆಗೆ ಹೋಗಬೇಕಿತ್ತು. ರಾಜ್ಯೋತ್ಸವದ ಹೊತ್ತಿಗೆ ಚಿಕಾಗೋದ ಕನ್ನಡಿಗರೂ ಅಲ್ಲಿಯವರೂ ಕೂಡಿ ಒಂದು ಹರಟೆ ನಡೆಸುವ ರೂಢಿಯಿತ್ತು. ಹರಟೆ ಅಂದರೆ ವೇದಿಕೆಯ ಮೇಲೆ ಎರಡು ತಂಡಗಳು ಒಂದು ವಿಷಯ ಹಿಡಿದು ನಗೆಯಾಡುತ್ತಾ ಕಿತ್ತಾಡುವುದು. ಡೆಟ್ರಾಯ್ಟಿನಲ್ಲಿರುವ ಧಾರವಾಡದ ಕಡೆಯ ಒಬ್ಬ ಡಾಕ್ಟರು, ನನ್ನ ಹಳೆಯ ಗೆಳೆಯ, ಅದಕ್ಕೆ ತನ್ನದೇ ಒಂದು ತಿರುವು ಕೊಟ್ಟಿದ್ದ. ಅವನು ಮಂತ್ರಿಯ ವೇಷದಲ್ಲಿ ಕೂರುತ್ತಾನೆ. ಚಿಕಾಗೋದವರು ಟಿವಿಯವರಂತೆ ಒಂದೇ ಒಂದು ಪ್ರಶ್ನೆ ಕೇಳಿ, ಅವನ ಬಾಯಿಂದ ‘ಹೌದು’ ಅಥವಾ ‘ಇಲ್ಲ’ ಹೊರಡಿಸಬೇಕು. ಹೊರಟರೆ ನಾವು ಗೆದ್ದ ಹಾಗೆ. ಅರ್ಧ ಗಂಟೆ ಅವನು ತಪ್ಪಿಸಿಕೊಂಡರೆ ಅವರು. ಗೆದ್ದವರು ಊಟದ ಗಂಟೆ ಬಾರಿಸಬೇಕು. ಗಂಟೆ ಬಾರಿಸದೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಮೂರು ವರ್ಷದಿಂದ ಅವನೇ ಬಾರಿಸಿದ್ದ. ಕಳೆದ ವರ್ಷ ಸೋತವನು ನಾನೇ. ಪ್ರಶ್ನೆಯ ಮಧ್ಯೆ ಒಂದು ಉದಾಹರಣೆ ಕೊಡಲು ಹೋಗಿ ಅದರ ಕೊನೆ ಮರೆತುಬಿಟ್ಟಿದ್ದೆ. ಜನ ಇನ್ನೂ ಅದನ್ನು ನೆನೆದು ನಗುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಹೊರಟೆವು. ಇನ್ನೂ ಐದು ಕಾರುಗಳು ಅದೇ ಹೊತ್ತಿಗೆ ಹೊರಟಿದ್ದವು. ಕಾರ್ಯಕ್ರಮ ಹನ್ನೊಂದಕ್ಕೆ, ಒಂದು ಗಂಟೆ ಮುಂದೆ ಓಡುವ ಅವರ ಗಡಿಯಾರದ ಹನ್ನೊಂದಲ್ಲ, ನಮ್ಮ ಹನ್ನೊಂದಕ್ಕೆ, ಎಂದು ಎಲ್ಲರಿಗೂ ಇಮೇಲ್ ಕಳಿಸಿದವನು ನಾನು. ಡಾಕ್ಟರು ಫೋನಿನಲ್ಲಿ ಹಾಗೆ ಹೇಳಿದ್ದು ನನಗೆ ಸ್ಪಷ್ಟ ನೆನಪಿತ್ತು.

ಮಿಶಿಗನ್ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಹುಡುಗಿ ಹೇಳಿದಳು, “ದೊಡ್ಡಪ್ಪ, ನನ್ನ ಫೋನಿನಲ್ಲಿ ಒಂದು ಗಂಟೆ ಮುಂದೆ ಹೋಯ್ತು.”

“ಅದು ಬ್ರಿಟಿಷ್ ಫೋನು. ಕಾರ್ಯಕ್ರಮ ನಮ್ಮ ಹನ್ನೊಂದಕ್ಕೆ ಅನ್ನೋದು ಅದಕ್ಕೆ ಅರ್ಥವಾಗಲ್ಲ.”

ಹೆಂಡತಿ ನಿದ್ದೆ ಹೋಗಿದ್ದಳು. ಇಲ್ಲದಿದ್ದರೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿಬಿಡುತ್ತಿದ್ದಳು, ಈ ಕಥೆಯೇ ಇರುತ್ತಿರಲಿಲ್ಲ.

ದಾರಿಯುದ್ದಕ್ಕೂ ನಾನು ಕೇಳಬೇಕಾದ ಪ್ರಶ್ನೆಯನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಪೀಠಿಕೆ, ಎರಡು ಉಪಪ್ರಶ್ನೆ, ಒಂದು ಕುಟುಕು. ಹುಡುಗಿಗೆ ನಗು ಬಂತು. ವಾರದಲ್ಲಿ ಮೊದಲ ಸಲ. “ನೀವು ಇಷ್ಟೊಂದು ಹೇಳಿದ್ರೆ ಅವರಿಗೆ ಹಿಡಿದುಕೊಳ್ಳೋಕೆ ಎಷ್ಟೊಂದು ಬಾಲ ಸಿಗುತ್ತೆ!” ಎಂದಳು. ಹಾಗಾದರೆ ನೀನೇ ಕೇಳು ಎಂದೆ. ತಮಾಷೆಗೆ ಅಂದೆನೋ ನಿಜಕ್ಕೂ ಅಂದೆನೋ ಈಗ ಹೇಳಲಾರೆ. ಅವಳು ಸೀಟಿನ ಅಂಚಿಗೆ ಜರುಗಿ, “ನನಗೆ ಕನ್ನಡದಲ್ಲಿ ಒಂದೇ ವಾಕ್ಯ ಕಲಿಸಿ” ಎಂದಳು. ಆ್ಯನ್ ಆರ್ಬರ್ ಬರುವಷ್ಟರಲ್ಲಿ ಅದು ಅವಳ ನಾಲಿಗೆಯ ಮೇಲೆ ಕೂತಿತ್ತು. “ಆ ಮನುಷ್ಯ ಶಾಲೆಗೆ ಬಂದ ದಿನ ನಾನು ಫೋನ್ ಮಾಡಿ ನಿಮಗೆ ಹೇಳಿದ್ದೆ, ಗೊತ್ತಾ? ನೀವಿರಲಿಲ್ಲ. ನಿಮ್ಮ ಫೋನಿನ ಪಕ್ಕದ ರೆಕಾರ್ಡಿಂಗ್ ಮೆಷಿನ್ನಿಗೆ ಹೇಳಿದೆ” ಎಂದೂ ಅಂದಳು. ನನಗೆ ನೆನಪಿರಲಿಲ್ಲ.

ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಬಾಡಿಗೆಗೆ ಹಿಡಿದಿದ್ದ ಶಾಲೆಯ ಹಾಲಿಗೆ ನಾವು ಕಾಲಿಟ್ಟಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಿತ್ತು.

ಬಾಗಿಲಲ್ಲೇ ಡಾಕ್ಟರು ಸಿಕ್ಕ. ಸೂಟು ತೊಟ್ಟು, ಎದೆಗೆ ಎರಡು ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡಿದ್ದ. “ಏನಪಾ ಪಂಡಿತ, ಗಡಿಯಾರ ಊರಾಗ ಬಿಟ್ಟು ಬಂದಿಯೇನು? ಒಂದು ತಾಸಿಂದ ನಾಕು ಸಲ ಅದಾ ಭಾವಗೀತಿ ಹಾಡ್ಸೇವಿ!”

“ನೀನೇ ನಮ್ಮ ಹನ್ನೊಂದು ಅಂದಿದ್ದೆ.”

“ನಾ ಹಂಗ ಅಂದೇ ಇಲ್ಲ.”

“ಅಂದಿದ್ದೆ.”

“ಆಗಿನ ಪರಿಸ್ಥಿತಿನಾ ಬ್ಯಾರೆ ಇತ್ತು, ಮಾರಾಯಾ,” ಎಂದು ಅವನು ರಿಬ್ಬನ್ ಸರಿಮಾಡಿಕೊಂಡ. ವೇಷದಲ್ಲಿದ್ದನೋ ಇಲ್ಲವೋ ತಿಳಿಯಲಿಲ್ಲ.

ಹಾಲಿನಲ್ಲಿ ಸುಮಾರು ಇನ್ನೂರು ಜನ ಹಸಿದು ಕೂತಿದ್ದರು. ಪಕ್ಕದ ಗೋಡೆಗೆ ಉದ್ದ ಮೇಜುಗಳ ಮೇಲೆ ಬಿಸಿಬೇಳೆಬಾತು, ಪಲ್ಯ, ಹೋಳಿಗೆ ಎಲ್ಲ ಅಲ್ಯೂಮಿನಿಯಂ ಟ್ರೇಗಳಲ್ಲಿ ಹಾಳೆ ಮುಚ್ಚಿಕೊಂಡು ಇದ್ದವು. ಕೆಳಗೆ ಬಿಸಿ ಆರದಂತೆ ಇಟ್ಟ ಪುಟ್ಟ ಡಬ್ಬಿಗಳ ಉರಿ ಒಂದೊಂದಾಗಿ ನಂದುತ್ತಿತ್ತು. ಇಂಗಿನ ವಾಸನೆ ಎಲ್ಲರ ಮೂಗಿಗೂ ಹೊಡೆಯುತ್ತಿತ್ತು.

ಪ್ರಶ್ನೆ ಕೇಳಲು ಹುಡುಗಿ ವೇದಿಕೆ ಹತ್ತಿದಾಗ ಡೆಟ್ರಾಯ್ಟಿನವರು ಸಿಳ್ಳೆ ಹಾಕಿದರು. ಅವಳು ಮೊದಲು ಇಂಗ್ಲಿಷಿನಲ್ಲಿ, ಎರಡೇ ನಿಮಿಷದಲ್ಲಿ, ತನ್ನ ಶಾಲೆಯಲ್ಲಿ ನಡೆದದ್ದನ್ನು ಹೇಳಿದಳು. ಈ ಕುರ್ಚಿಯಲ್ಲಿ ಕೂತವರು ಆ ಮನುಷ್ಯ ಎಂದು ತಿಳಿಯಿರಿ ಎಂದಳು. ಆಮೇಲೆ ಕನ್ನಡದಲ್ಲಿ ಕೇಳಿದಳು:

“ಫೀಸು ಏರಿಸಲ್ಲ ಅಂತ ನೀವು ಹೇಳಿದ್ರಾ, ಇಲ್ವಾ?”

ಡಾಕ್ಟರು ಕಾಲ ಮೇಲೆ ಕಾಲು ಹಾಕಿದ. “ಭಾಳ ಚಲೋ ಪ್ರಶ್ನೆ. ಇಂಥಾ ಮಕ್ಕಳಾ ನಮ್ಮ ದೇಶದ ಆಸ್ತಿ. ನಾ ಒಂದು ಮಾತು ಸ್ಪಷ್ಟ ಹೇಳಿಬಿಡ್ತೀನಿ. ಹಿಂದಿನವರು ಮನಿ ಖಾಲಿ ಮಾಡೋವಾಗ ಗ್ಯಾಸ್ ಆರ್ಸಿದ್ದಿಲ್ಲ, ನಳ ಬಂದ್ ಮಾಡಿದ್ದಿಲ್ಲ…”

ಜನ ನಕ್ಕರು. ನಗು ನಿಲ್ಲುವವರೆಗೂ ಕಾದು ಅವಳು, “ಫೀಸು ಏರಿಸಲ್ಲ ಅಂತ ನೀವು ಹೇಳಿದ್ರಾ, ಇಲ್ವಾ?” ಎಂದಳು.

“ನೋಡವಾ, ನಾವು ಇಬ್ಬರು ಕೂಡಿ ಸರ್ಕಾರ ಮಾಡೇವಿ. ಬಾಯಿ ನಂದು, ನಾಲಿಗಿ ಪಾರ್ಟ್ನರ್‌ದು.”

ಚಪ್ಪಾಳೆ. ನಾನೂ ಹೊಡೆದೆ, ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ನಮ್ಮ ತಂಡದ ಹಳಬರೆಲ್ಲ ಇಂಥ ಹೊತ್ತಿನಲ್ಲೇ ಕೆಟ್ಟಿದ್ದೆವು. ಅವನ ಜಾಣ ಮಾತಿಗೆ ಇನ್ನೊಂದು ಜಾಣ ಮಾತು ಹೇಳಲು ಹೋಗುತ್ತಿದ್ದೆವು, ಪ್ರಶ್ನೆ ಎಲ್ಲೋ ಹೋಗುತ್ತಿತ್ತು. ಅವಳ ಹತ್ತಿರ ಬೇರೆ ಕನ್ನಡವೇ ಇರಲಿಲ್ಲ. ಮತ್ತೆ ಅದನ್ನೇ ಕೇಳಿದಳು.

ಐದನೇ ಸಲವೋ ಆರನೇ ಸಲವೋ, ಹಿಂದಿನ ಸಾಲಿನಿಂದ ಒಬ್ಬ ಆಂಟಿ ಕೂಗಿದರು: “ಡಾಕ್ಟ್ರೇ, ಹೇಳ್ಬಿಡಿ, ಬಾತು ಕಲ್ಲಾಗ್ತಿದೆ!”

“ನನಗ ಶುಗರ್ ಐತಿ, ಇನ್ನೂ ಅರ್ಧ ತಾಸು ಕೂಡಂಗಿಲ್ಲ,” ಇನ್ನೊಬ್ಬರು ಅಂದರು. “ನೀವಾ ಕೊಟ್ಟ ಗುಳಿಗಿರೀ ಅವು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂದವರೂ ನೀವಾ!”

ಡಾಕ್ಟರ ಹಣೆಯಲ್ಲಿ ಬೆವರು ಕಂಡಿತು. ಮೂರು ವರ್ಷ ಅವನ ಆಟ ನಡೆದದ್ದು ಹನ್ನೊಂದು ಗಂಟೆಗೆ, ಜನ ತಿಂಡಿ ತಿಂದು ಖುಷಿಯಾಗಿದ್ದಾಗ. ಈ ಸಲ ಹನ್ನೆರಡೂವರೆ ದಾಟಿತ್ತು. ಅಷ್ಟರಲ್ಲಿ ಅವನ ಹೆಂಡತಿ ಸೌಟು ಹಿಡಿದುಕೊಂಡೇ ಮೇಜಿನ ಹತ್ತಿರದಿಂದ ಎರಡು ಹೆಜ್ಜೆ ಮುಂದೆ ಬಂದರು.

“ಏನ್ರೀ, ಮನ್ಯಾಗೂ ಇದಾ, ಇಲ್ಲೂ ಇದಾ? ಹೌದಂದ್ರ ಹೌದನ್ರಿ, ಇಲ್ಲಂದ್ರ ಇಲ್ಲನ್ರಿ!”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗಿ ಬಾಯಿ ತೆರೆಯುವುದಕ್ಕೂ ಮುಂಚೆ ಮುಂದಿನ ಸಾಲಿನ ಮಕ್ಕಳು, ಕನ್ನಡದಲ್ಲಿ ಕೇಳಿದರೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು, ಒಟ್ಟಿಗೆ ಕೂಗಿದವು: “ಹೇಳಿದ್ರಾ, ಇಲ್ವಾ?” ಆಮೇಲೆ ಅಂಕಲ್‌ಗಳು, ಆಂಟಿಯರು, ಇಡೀ ಸಭೆ. ನೆಲ ಬಡಿದುಕೊಂಡು, ತಟ್ಟೆ ಬಡಿದುಕೊಂಡು. “ಹೇಳಿದ್ರಾ, ಇಲ್ವಾ?” ಅದರಲ್ಲಿ ಆಟ ಎಷ್ಟಿತ್ತು, ವರ್ಷಾನುಗಟ್ಟಲೆ ಬೇರೆ ಬೇರೆ ದೇಶದ ಟಿವಿಗಳ ಮುಂದೆ ನುಂಗಿಕೊಂಡ ಸಿಟ್ಟು ಎಷ್ಟಿತ್ತು, ಬೇರ್ಪಡಿಸಿ ನೋಡಲು ನನಗೂ ಆಗಲಿಲ್ಲ. ಹಸಿವಂತೂ ಇತ್ತು. ನಿಜವಾದ ಮಂತ್ರಿಗಳಿಗೆ ಯಾರೂ ಊಟ ತಡೆಹಿಡಿಯುವುದಿಲ್ಲ. ಅವರು ಮಾತು ತಪ್ಪಿಸಿ ನೇರ ಊಟಕ್ಕೆ ಹೋಗುತ್ತಾರೆ.

ಡಾಕ್ಟರು ಎದ್ದು ನಿಂತು ಎರಡೂ ಕೈ ಮೇಲೆತ್ತಿದ.

“ಹೌದವಾ ಹೌದು! ಹೇಳಿದ್ದೆ! ನಿಮ್ಮ ಸಾಲಿಯೊಳಗ ನಿಂತು, ನಿನ್ನ ಮಾರಿ ನೋಡೇ ಹೇಳಿದ್ದೆ! ನೀ ಕೇಳಿದ್ದು ಖರೇ ಐತಿ! ಇನ್ನರ ಊಟಕ್ಕ ಹಚ್ರಿ!”

ಹುಡುಗಿ ನೇರ ಗಂಟೆಯ ಕಡೆಗೆ ಓಡಿದಳು. ವೇಷ ಹಾಕಿದ ಒಬ್ಬ ಅಪರಿಚಿತ, ತನ್ನದಲ್ಲದ ತಪ್ಪನ್ನು ಒಪ್ಪಿಕೊಂಡಿದ್ದ, ಅದೂ ಬಿಸಿಬೇಳೆಬಾತಿಗಾಗಿ. ಸಾಕ್ಷಿಯಾಗಿ ಅದಕ್ಕೆ ಬೆಲೆಯಿಲ್ಲ ಎಂದು ನನ್ನೊಳಗಿನ ಪಂಡಿತ ಹೇಳುತ್ತಿದ್ದ. ಅವನನ್ನು ಸುಮ್ಮನಿರಿಸಿದೆ. ಏಕೆಂದರೆ ಅವಳು ಹಿತ್ತಾಳೆ ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನಗುತ್ತಾ ಅಳುತ್ತಾ ಬಾರಿಸುತ್ತಿದ್ದಳು. ನಿಲ್ಲಿಸು ಮಾರಾಯ್ತಿ ಎಂದು ಯಾರೋ ಹೇಳುವವರೆಗೂ ಬಾರಿಸಿದಳು. ಡಾಕ್ಟರು ಎದೆಯ ರಿಬ್ಬನ್ ಕಿತ್ತು ಅವಳಿಗೆ ಕೊಟ್ಟ. ಮೂರು ಹೋಳಿಗೆ ತಿಂದಳು. ಹೆಂಡತಿ ಎಣಿಸಿದ್ದಾಳೆ, ಹಾಗಾಗಿ ನಂಬಬಹುದು.

ರಾತ್ರಿ ಡಾಕ್ಟರ ಮನೆಯಲ್ಲೇ ಉಳಿದು ಮರುದಿನ ಮಧ್ಯಾಹ್ನ ವೆಸ್ಟ್‌ಮಂಟಿಗೆ ಬಂದೆವು. ಶೂ ಕೂಡ ಬಿಚ್ಚದೆ ಅವಳು ಅಡುಗೆಮನೆಯ ಫೋನಿನ ಪಕ್ಕದ ಮೆಷಿನ್ ಹತ್ತಿರ ಹೋದಳು. ನನ್ನ ಹೆಂಡತಿ ತಂಗಿಯ ಮನೆಯ ಒಂದು ಸಂದೇಶವನ್ನೂ ಅಳಿಸುವವಳಲ್ಲ.

ಮೊದಲು ಬಂದದ್ದು ಡಾಕ್ಟರ ಧ್ವನಿ. “ಹನ್ನೊಂದಕ್ಕ ನೋಡಪಾ. ನಮ್ಮ ಟೈಮು ಮತ್ತ, ನಿಮ್ಮ ಚಿಕಾಗೋ ಟೈಮಲ್ಲ. ಮರೀಬ್ಯಾಡ.”

ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅವನು ಫೋನಿನಲ್ಲಿ ಹೇಳಿದ್ದು ನನಗೆ ‘ಸ್ಪಷ್ಟ ನೆನಪಿತ್ತು’. ನಾನು ಅವನೊಡನೆ ಮಾತನಾಡಿಯೇ ಇರಲಿಲ್ಲ, ಸಂದೇಶ ಕೇಳಿದ್ದೆ ಅಷ್ಟೆ.

ಗುಂಡಿ ಒತ್ತುತ್ತಾ ಹಿಂದಕ್ಕೆ, ವಸಂತದವರೆಗೆ ಹೋದೆವು. ಕೊನೆಗೆ ಹಿಂದೆ ಮಕ್ಕಳ ಗದ್ದಲ, ಮುಂದೆ ಏದುಸಿರಿನ ಒಂದು ಎಳೆ ಧ್ವನಿ: ದೊಡ್ಡಪ್ಪ, ನಾನೇ ಎದ್ದು ಕೇಳಿದೆ! ಇಲ್ಲ ಅಂದರು, ಏರಿಸುವುದಿಲ್ಲ ಅಂದರು, ನೇರವಾಗಿ ಇಲ್ಲ ಅಂದರು!

ಮೂರು ಸಲ ಹಾಕಿ ಕೇಳಿದಳು. “ಸಾರಿ, ನಿನ್ನ ನೆನಪು ಸರಿಯಾಗಿತ್ತು. ಕೆಟ್ಟಿದ್ದು ನನ್ನದು” ಎಂದೆ. ಸೋತು ಅಷ್ಟು ಸಂತೋಷಪಟ್ಟದ್ದು ನನಗೆ ಬೇರೆ ನೆನಪಿಲ್ಲ. ಇದ್ದರೂ ಮರೆತಿರಬಹುದು.

ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಎದೆಗೆ ಆ ಎರಡು ಬಣ್ಣದ ರಿಬ್ಬನ್ ಸಿಕ್ಕಿಸಿಕೊಂಡೇ, ಕಾನೂನು ಕಾಲೇಜಿನ ಅರ್ಜಿಯ ಉಳಿದ ಭಾಗ ತುಂಬಿ ಕಳಿಸಿದಳು. ಆಗ ನಾಲ್ಕು ಗಂಟೆಯಾಗಿತ್ತು. ಯಾರ ನಾಲ್ಕು ಎಂದು ಮಾತ್ರ ಕೇಳಬೇಡಿ.