ನಕ್ಷೆಗೆ ಎರಚಿದ ನೀರು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ, ಕೊಪ್ಪದ ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿ. ಬಿಟ್ಟ ಎನ್ನುವುದು ಊರವರ ಮಾತು. ಬಿಡಿಸಿದರು ಎನ್ನುವುದು ನಿಜ.

ನಮ್ಮ ಭೂಗೋಳದ ಮೇಷ್ಟ್ರು ಮೈಸೂರು ಸಂಸ್ಥಾನದ ದೊಡ್ಡ ನಕ್ಷೆಯೊಂದನ್ನು ತಾವೇ ಬಣ್ಣದ ಪುಡಿ ಕಲಸಿ ಬರೆದು ಗೋಡೆಗೆ ತೂಗುಹಾಕಿದ್ದರು. ಬೇರೆ ಹುಡುಗರು ಹತ್ತಿರ ಹೋಗಿ ಬೆರಳಿಟ್ಟು ಊರು ತೋರಿಸುತ್ತಿದ್ದರು. ನಮ್ಮ ಜಾತಿಯಿಂದ ಆ ಕ್ಲಾಸಿನಲ್ಲಿದ್ದವನು ನಾನೊಬ್ಬನೇ. ನಾನು ಮುಟ್ಟಿದರೆ ಮೈಲಿಗೆಯಂತೆ. ಅದಕ್ಕೆ ನನ್ನ ಕೈಗೆ ಉದ್ದನೆಯ ಬಿದಿರು ಕೋಲು ಕೊಟ್ಟು ದೂರ ನಿಲ್ಲಿಸುತ್ತಿದ್ದರು. ನಮ್ಮನ್ನು ಸ್ಕೂಲಿಗೆ ಸೇರಿಸಿಕೊಳ್ಳಿ ಎಂದು ಸರ್ಕಾರ ಹೇಳಿತ್ತು, ನಕ್ಷೆಯ ವಿಷಯ ಹೇಳಿರಲಿಲ್ಲ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ಎಲ್ಲರಿಂದಲೂ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. "ತಿಮ್ಮ, ತುಂಗೆ ಹರಿಯೋ ದಾರಿ ತೋರ್ಸು" ಎಂದರು. ಅಷ್ಟು ದೂರದಿಂದ ಕೋಲಿನ ತುದಿ ನಿಲ್ಲಬೇಕಲ್ಲ. ನೆಮ್ಮಾರು, ಶೃಂಗೇರಿ ದಾಟುವಷ್ಟರಲ್ಲಿ ಅದು ಜಾರಿ ನರಸಿಂಹರಾಜಪುರದ ಕಡೆ ಹೋಯಿತು.

"ಭದ್ರೆಗೆ ಬಿದ್ಯಲ್ಲೋ. ಹೊಳೆ ಎಲ್ಲಿದೆ ಅಂತ್ಲೇ ಗೊತ್ತಿಲ್ವಾ ನಿಂಗೆ?"

ಹುಡುಗರೆಲ್ಲ ನಕ್ಕರು. ನನಗೆ ಗೊತ್ತಿತ್ತು. ಕೋಲು ಕೆಳಗಿಟ್ಟು ನೇರ ನಕ್ಷೆಯ ಹತ್ತಿರ ಹೋದೆ. ತುಂಗೆಯ ಮೇಲೆ ಬೆರಳಿಟ್ಟು, ಅದು ಭದ್ರೆಯನ್ನು ಕೂಡುವ ಕೂಡ್ಲಿಯವರೆಗೂ ಎಳೆದೆ. ಎಲ್ಲೂ ತಪ್ಪಲಿಲ್ಲ.

ಮೇಷ್ಟ್ರು ಒಂದು ಚೊಂಬು ನೀರು ತರಿಸಿ, ಮಂತ್ರ ಹೇಳುತ್ತಾ ನಕ್ಷೆಗೆ ಚಿಮುಕಿಸಿದರು. ಸಾಲದು ಎನ್ನಿಸಿತೋ ಏನೋ, ಉಳಿದದ್ದನ್ನೂ ಎರಚಿದರು. ಪುಡಿಯ ಬಣ್ಣ ನೀರಿಗೆ ನಿಲ್ಲುತ್ತದೆಯೇ? ಹೊಳೆಯ ನೀಲಿಯೆಲ್ಲ ಕೆಳಗಿಳಿಯಿತು.

"ಶೃಂಗೇರಿ ಮುಳುಗ್ತು ಮಾರಾಯ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ನಾಳೆ ಕೇಳಿದ್ರೆ ನೀನೇ ನೀರು ಚೆಲ್ಲಿದ್ದು ಅಂತ ಹೇಳ್ಬೇಕು. ಹೇಳ್ತೀಯೋ, ಪರೀಕ್ಷೆಗೆ ಕೂತ್ಕೋ. ಇಲ್ವೋ, ಸ್ಕೂಲಿನ ಕಡೆ ತಲೆ ಹಾಕ್ಬೇಡ" ಎಂದರು.

ಮನೆಯಲ್ಲಿ ಅಪ್ಪ, "ಹೇಳಿ ಬಾ ಮಗ. ಒಂದು ಮಾತಿಗೆ ನಾಲಿಗೆ ಸವೆದು ಹೋಗ್ತದಾ?" ಎಂದ.

"ಸವೆಯಲ್ಲ ಅಪ್ಪ. ಆದ್ರೂ ಹೇಳಲ್ಲ."

ಮಾರನೆಯ ದಿನ ಇನ್‌ಸ್ಪೆಕ್ಟರು ನಕ್ಷೆ ನೋಡಿ ಇದೇನು ಎಂದು ಕೇಳಿದರು. ನಾನು ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಮೇಷ್ಟ್ರ ಕಡೆ ತಿರುಗಿ, "ಮೈಲಿಗೆ ಹೋಗ್ಲಿಕ್ಕೆ ನಾಲ್ಕು ಹನಿ ಸಾಕಿತ್ತಲ್ರೀ, ಚೊಂಬು ಯಾಕೆ ಎರಚಿದ್ರಿ?" ಎಂದರು. ಅಷ್ಟೇ. ಇಬ್ಬರೂ ನಕ್ಕರು. ಮರುದಿನ ಹಾಜರಿಯಲ್ಲಿ ನನ್ನ ಹೆಸರು ಕೂಗಲಿಲ್ಲ.

ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಇಬ್ಬರೂ ಓದಿದವರು. ಹಾಳಾದ ಬಣ್ಣದ ಬಗ್ಗೆ ಮಾತಾಡಿದರು, ನನ್ನ ಓದಿನ ಬಗ್ಗೆ ಒಬ್ಬರೂ ಆಡಲಿಲ್ಲ. ಸುಳ್ಳು ಹೇಳಿದ್ದರೆ ಪಾಸಾಗುತ್ತಿದ್ದೆ, ಎಲ್ಲೋ ಗುಮಾಸ್ತನೂ ಆಗುತ್ತಿದ್ದೆನೇನೋ. ಹೇಳಲಿಲ್ಲ, ಅದಕ್ಕೆ ಬೇಸರವಿಲ್ಲ. ಕಲ್ಲು ಒಡೆದೆ, ಗೋಡೆ ಕಟ್ಟುವುದು ಕಲಿತೆ, ಯಾರ ಹಂಗಿಗೂ ಬೀಳದೆ ಬದುಕಿದೆ. ಈಗ ಶೆಟ್ಟಿಕೊಪ್ಪದಲ್ಲಿ ನಾನೇ ಕಟ್ಟಿದ ಹೆಂಚಿನ ಮನೆಯಿದೆ. ಎರಡು ಎಕರೆ ಗದ್ದೆ, ಒಂದು ಜೊತೆ ಎತ್ತು ಇವೆ, ಹೈಸ್ಕೂಲು ಮುಗಿಸಿದ ಮೂವರು ಮಕ್ಕಳಿದ್ದಾರೆ. ನನ್ನ ಹೆಸರಿನ ಸರ್ಟಿಫಿಕೇಟು ಮಾತ್ರ ಒಂದೂ ಇಲ್ಲ.